ಮೂಡಣದಿಂದ ಬರುವವರಿಗೆ

ಎರಡೇ ಪದ. ‘ಎರಡೂ ಕಡೆ.’ ಅಂದು ಅದನ್ನು ಹೇಳುವುದಕ್ಕೆ ಫಾಬ್ರಿಸನಿಗೆ ಒಂದು ಉಸಿರೂ ಪೂರ್ತಿ ಬೇಕಾಗಿರಲಿಲ್ಲ. ಆರು ತಿಂಗಳಾದ ಮೇಲೆ, ಜೋಸಿಯಾನಳ ಕಾಫಿ ಅಂಗಡಿಯಲ್ಲಿ ನಿಂತಿರುವಾಗ, ಅವೇ ಪದಗಳು ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿದ್ದವು.

“ಏನ್ ಮೇಷ್ಟ್ರೇ, ಭಾನುವಾರ ಬೆಳಿಗ್ಗೆ ಬೆಳಿಗ್ಗೇನೇ ಬಣ್ಣದ ಡಬ್ಬಿ?” ಎಂದಳು ಜೋಸಿಯಾನ್. “ಮರಗಳೇನು ಓಡಿಹೋಗ್ತಾವಾ?”

“ಸ್ವಲ್ಪ ಕೆಲಸ ಉಳಿದಿತ್ತು.”

“ಮದುವೆ ಆಗಿದ್ರೆ ಈ ಹುಚ್ಚೆಲ್ಲ ಇರ್ತಿರಲಿಲ್ಲ ನಿಮಗೆ.” ಕಪ್ಪನ್ನು ಅವನೆದುರು ಕುಕ್ಕಿ, ಮಹಡಿಯತ್ತ ಕಣ್ಣು ಹಾಯಿಸಿ, ದನಿ ತಗ್ಗಿಸಿದಳು. “ಮೇಲಿದಾರೆ ಅವರು. ಕ್ವಾರಿ ನೀರಲ್ಲಿ ಸಿಕ್ಕಿದಳಲ್ಲ, ಆ ಹೆಂಗಸಿನ ಗಂಡ. ನಿನ್ನೆ ಸೂಪು ಬಿಟ್ಟು ಏನೂ ಮುಟ್ಟಲಿಲ್ಲ. ಹತ್ತು ಗಂಟೆಗೆ ಪಾಳು ಚರ್ಚಿನ ಕಡೆಯಿಂದ ನಡೀತಾರಂತೆ. ಅವಳು ನಡೆದ ಹಾಗೇ.”

“ಯಾಕಂತೆ?”

“ಯಾಕೆ ಅಂದ್ರೆ? ದಾರಿ ತಪ್ಪಿ ಹೋದಳೋ, ಬೇಕಂತಲೇ ಹೋದಳೋ, ಕಣ್ಣಾರೆ ನೋಡ್ಬೇಕಂತೆ. ನೋಡೋಕೇನಿದೆ ಹೇಳಿ? ಗುರುತೆಲ್ಲ ಸರಿಯಾಗಿತ್ತು ಅಂತ ನೀವೇ ಹೇಳಿದ್ರಲ್ಲ. ಅಂದ್ಮೇಲೆ ಅವಳಾಗೇ ಹೋಗಿ ಬಿದ್ದಿದ್ದು. ಪಾಪ, ಮನೇಲಿ ಏನಿತ್ತೋ ಏನೋ.”

ಫಾಬ್ರಿಸ್ ಕಾಫಿ ಅರ್ಧಕ್ಕೇ ಬಿಟ್ಟು ಹೊರಟ. ಎಂಟೂವರೆ ಆಗಿತ್ತು.

ಮೊರ್ವಾನ್ ಬೆಟ್ಟಸೀಮೆಯ ಈ ಕಾಡಿನಲ್ಲಿ ಹದಿನಾಲ್ಕು ಕಿಲೋಮೀಟರ್ ಹಾದಿಗೆ ಗುರುತು ಹಾಕುವ ಕೆಲಸ ಅವನ ಪಾಲಿಗೆ ಬಂದು ಒಂಬತ್ತು ವರ್ಷ. ಮರಕ್ಕೆ ಬಿಳಿ ಪಟ್ಟಿ, ಅದರ ಕೆಳಗೆ ಕೆಂಪು ಪಟ್ಟಿ. ಚಾರಣಿಗರು ಅದನ್ನು ನೋಡಿಕೊಂಡು ನಡೆಯುತ್ತಾರೆ. ಹೋಗಬಾರದ ಕಡೆಗೆ ಅದೇ ಎರಡು ಬಣ್ಣದ ಅಡ್ಡಗುರುತು. ಸಂಬಳವಿಲ್ಲ, ಹೊಗಳಿಕೆಯಿಲ್ಲ. ನಿಯಮ ಒಂದೇ: ಗುರುತು ಹಾಕುವವನು ಹಾದಿಯನ್ನು ಎರಡು ಸಲ ನಡೆಯಬೇಕು. ಹೋಗುವಾಗ ಪಡುವಣದಿಂದ ಬರುವವರಿಗೆ, ಹಿಂತಿರುಗುವಾಗ ಮೂಡಣದಿಂದ ಬರುವವರಿಗೆ. ಯಾಕೆಂದರೆ ಬೆನ್ನ ಹಿಂದಿನ ಮರ ಯಾರಿಗೂ ಕಾಣುವುದಿಲ್ಲ.

ಹೋದ ಜೂನಿನಲ್ಲಿ ಅವನು ಒಂದೇ ಸಲ ನಡೆದಿದ್ದ. ಕಾರಣ ಕೇಳಿದರೆ ನಗು ಬರುತ್ತದೆ. ಬೂಟು ಕಚ್ಚುತ್ತಿತ್ತು. ಹಸಿವಾಗಿತ್ತು. ಯಾರದೋ ಟ್ರಾಕ್ಟರ್ ಹತ್ತಿ ಟಾರು ರಸ್ತೆಯಲ್ಲಿ ವಾಪಸು ಬಂದು, ವರದಿಯಲ್ಲಿ ‘ಎರಡೂ ಕಡೆ’ ಎಂದು ಬರೆದು, ಊಟಕ್ಕೆ ಕೂತಿದ್ದ. ಅದರ ಹಿಂದಿನ ಚಳಿಗಾಲದ ಬಿರುಗಾಳಿಗೆ ಹಾದಿ ಕವಲೊಡೆಯುವಲ್ಲಿದ್ದ ಒಂದು ಬೀಚ್ ಮರ ಬಿದ್ದಿದ್ದು, ಅದನ್ನು ಕೊಯ್ದು ಸಾಗಿಸಿದ್ದು, ಮೂಡಣದಿಂದ ಬರುವವರ ಗುರುತು ಇದ್ದದ್ದು ಆ ಒಂದೇ ಮರದ ಮೇಲೆ ಎನ್ನುವುದು ಅವನಿಗೆ ತಿಳಿದದ್ದು ಅಕ್ಟೋಬರಿನಲ್ಲಿ, ಕಾಣೆಯಾದ ಮಾಥಿಲ್ದಳನ್ನು ಹುಡುಕುವವರ ಜೊತೆ ಹೋದಾಗ. ಪೊಲೀಸ್ ಅಧಿಕಾರಿ ಪುಸ್ತಕ ತೆರೆದು ಕೇಳಿದ್ದ: “ಗುರುತೆಲ್ಲ ಸರಿ ಇತ್ತಾ ಮೇಷ್ಟ್ರೇ?” ಇವನು ಆ ಎರಡು ಪದ ಹೇಳಿದ್ದ. ಹನ್ನೊಂದನೆಯ ದಿನ ಅವಳು ಹಳೆಯ ಕಲ್ಲು ಕ್ವಾರಿಯ ನೀರಿನಲ್ಲಿ ಸಿಕ್ಕಿದಳು.

ಒಬ್ಬನೇ ಸಾಕ್ಷಿಯನ್ನು ನಂಬಬೇಡಿ ಎಂದು ಶಾಲೆಯಲ್ಲಿ ಮಕ್ಕಳಿಗೆ ಇತಿಹಾಸ ಹೇಳುವವನು ಅವನು. ಇಡೀ ಊರು ಅವನೊಬ್ಬನನ್ನೇ ನಂಬಿತ್ತು.

ಪಾಳು ಚರ್ಚಿನ ಹತ್ತಿರ ಕಾರು ನಿಲ್ಲಿಸಿ ನಡೆಯತೊಡಗಿದ. ಮೂಡಣದಿಂದ ಹೋದರೆ ಆ ಕವಲು ಇಪ್ಪತ್ತು ನಿಮಿಷದ ಹಾದಿ. ಬಳಿಯಲು ಐದು ನಿಮಿಷ, ಒಣಗಲು ಮುಕ್ಕಾಲು ಗಂಟೆ. ಮಾಥಿಲ್ದಳ ಗಂಡ ಅಲ್ಲಿಗೆ ಬರುವಷ್ಟರಲ್ಲಿ ಗುರುತು ಒಣಗಿರುತ್ತದೆ. ಲೆಕ್ಕ ಸರಿಯಾಗಿತ್ತು.

ರೋಮನ್ನರ ಕಾಲದ ಕಲ್ಲುಹಾಸು ಪಾಚಿಯ ಕೆಳಗಿನಿಂದ ಅಲ್ಲಲ್ಲಿ ಇಣುಕುತ್ತಿತ್ತು. ಬೀಚ್ ಮರಗಳಿಗೆ ಎಳೆ ಚಿಗುರು. ಹಕ್ಕಿಗಳು ಯಾಕೋ ಸುಮ್ಮನಿದ್ದವು. ಸ್ವಲ್ಪ ದೂರ ಹೋದ ಮೇಲೆ ಅವನಿಗೆ ಇರುಸುಮುರುಸಾಯಿತು. ಈ ಕಡೆಯಿಂದ ಒಬ್ಬನೇ ನಡೆದು ಎರಡು ವರ್ಷವಾಗುತ್ತ ಬಂದಿತ್ತು, ಯಾವ ಬಂಡೆಯೂ ಗೊತ್ತಿದ್ದಂತೆ ಕಾಣಲಿಲ್ಲ. ಒಂಬತ್ತು ವರ್ಷ ಓಡಾಡಿದ ಕಾಡು ಹಿಂದುಮುಂದಾಗಿ ನಿಂತು, ನೀನ್ಯಾರು ಎಂದು ಕೇಳುವಂತಿತ್ತು. ಛೆ, ಮರಕ್ಕೇನು ಮುಖವೇ ಬೆನ್ನೇ ಎಂದು ತನ್ನನ್ನೇ ಗದರಿಕೊಂಡ. ಹಿಂದೆ ಯಾರೋ ತರಗೆಲೆ ತುಳಿದಂತಾಯಿತು. ನಿಂತ. ಆ ಸದ್ದೂ ನಿಂತಿತು.

ಮುಂದೆ ಹಾದಿ ಅಗಲವಾಯಿತು. ಮೆತ್ತನೆಯ ಹುಲ್ಲು, ಇಳಿಜಾರು, ಕಾಲು ತಾನಾಗಿಯೇ ಸಾಗುತ್ತಿತ್ತು. ಎಷ್ಟು ಹಿತವಾದ ಹಾದಿ ಎಂದುಕೊಂಡ. ಆಗ ಎದುರಿಗೆ ಏನೋ ಅಲುಗಿತು. ಬಿಳಿ, ಕೆಂಪು. ಗುರುತೇ ಇದೆಯಲ್ಲ ಎಂದು ಎದೆ ಹಗುರವಾಯಿತು. ಇನ್ನೆರಡು ಹೆಜ್ಜೆ ಇಟ್ಟ.

ಅದು ಪೊಲೀಸರು ಕಟ್ಟಿದ್ದ ಪ್ಲಾಸ್ಟಿಕ್ ಪಟ್ಟಿ. ಚಳಿಗಾಲ ಅದನ್ನು ಹರಿದು ಹಾಕಿತ್ತು. ಒಂದು ತುಂಡು ಕೊಂಬೆಗೆ ಸಿಕ್ಕಿ ಆಡುತ್ತಿತ್ತು. ಅದರಾಚೆ ಹುಲ್ಲು ಹಾಗೇ ಮುಂದುವರಿದಂತೆ ಕಂಡರೂ ನೆಲ ಇರಲಿಲ್ಲ. ಕೆಳಗೆ ಕ್ವಾರಿಯ ನೀರು, ಕಪ್ಪಗೆ, ಅಲ್ಲಾಡದೆ.

ಅವನು ಹುಲ್ಲಿನ ಮೇಲೆ ಕುಕ್ಕರಿಸಿದ. ಇಷ್ಟೇ ಸುಲಭವಾಗಿತ್ತೇ? ಅವಳೂ ಹಿತವಾದ ಹಾದಿ ಎಂದುಕೊಂಡಿರಬೇಕು. ಪುಣ್ಯಾತ್ಗಿತ್ತಿ ಸಾಯಲು ಬಂದವಳಲ್ಲ, ಊಟದ ಹೊತ್ತಿಗೆ ಊರು ಸೇರಲು ಹೊರಟಿದ್ದವಳು. ಇದು ಅವನಿಗೆ ಮೊದಲೇ ಗೊತ್ತಿತ್ತು. ಆದರೆ ಇವತ್ತು ಅವನ ಕಾಲಿಗೂ ಗೊತ್ತಾಯಿತು.

ಹಿಂದಕ್ಕೆ ಹತ್ತಿ ಕವಲು ಹುಡುಕುವಷ್ಟರಲ್ಲಿ ಹತ್ತೂಕಾಲು. ನಿಜವಾದ ಹಾದಿ ಮುಳ್ಳೆಲೆ ಪೊದೆಗಳ ನಡುವೆ ಎಡಕ್ಕೆ ನುಸುಳಿತ್ತು, ಬಾಗಿಲ ಸಂದಿಯಷ್ಟು ಅಗಲ. ಪಡುವಣದಿಂದ ಬಂದರೆ ತಪ್ಪುವ ಮಾತೇ ಇಲ್ಲ. ಮೂಡಣದಿಂದ ಬಂದರೆ ಕಾಣುವುದೇ ಇಲ್ಲ. ಆ ಹಾದಿಯ ಬಾಯಲ್ಲಿದ್ದ ಒಂದು ಎಳೆಯ ಬೀಚನ್ನು ತಂತಿ ಬ್ರಷ್ಷಿನಿಂದ ಉಜ್ಜಿ ಬಿಳಿ ಬಳಿದ, ಕೆಳಗೆ ಕೆಂಪು ಬಳಿದ. ಅಂಚು ನೇರವಾಗಿ ಬಂತು. ಅಂಥ ಹೊತ್ತಿನಲ್ಲೂ ಅವನಿಗೆ ಅದು ಸಮಾಧಾನ ಕೊಟ್ಟಿತು. ತನ್ನ ಬಗ್ಗೆ ಹೇಸಿಗೆಯಾಯಿತು.

“ಮೇಷ್ಟ್ರು ನೀವೇ ಅಲ್ವಾ?”

ಎರ್ವೆ. ಮಾಥಿಲ್ದಳ ಗಂಡ. ನೀರಿನ ಬಾಟಲಿಯಿಲ್ಲ, ಕೋಲಿಲ್ಲ, ಪೇಟೆಯ ಷೂ. ಎಷ್ಟು ಹೊತ್ತಿನಿಂದ ಅಲ್ಲಿ ನಿಂತಿದ್ದನೋ.

“ಹೌದು.”

ಎರ್ವೆ ಮರದ ಹತ್ತಿರ ಬಂದು ಗುರುತನ್ನು ಮುಟ್ಟಿದ. ಬೆರಳು ಕೆಂಪಾಯಿತು. “ಹಸಿ ಇದೆ.”

“ಪ್ರತಿ ವಸಂತದಲ್ಲೂ ಹಳೇದರ ಮೇಲೆ ಹೊಸದು ಬಳಿತೀವಿ.”

“ಅಂದ್ರೆ ಕೆಳಗೆ ಹಳೇದಿದೆ.”

“ಹೂಂ.”

ಎರ್ವೆ ಬೆರಳನ್ನೇ ನೋಡುತ್ತ ನಿಂತ. “ಆವತ್ತು ಬೆಳಿಗ್ಗೆ ಜಗಳ ಆಡಿದ್ವಿ. ಯಾಕೆ ಗೊತ್ತಾ? ಕಿಟಕಿ ತೆಗೆಯೋದಾ ಮುಚ್ಚೋದಾ ಅಂತ. ಅಷ್ಟೇ. ಆದ್ರೆ ಎಲ್ರೂ ನನ್ನನ್ನ ಬೇರೆ ಥರ ನೋಡ್ತಾರೆ. ಅವಳ ತಾಯಿ ಮಾತು ಬಿಟ್ಟಿದಾರೆ. ಆರು ತಿಂಗಳಿಂದ ನಾನೂ ಅದೇ ಕೇಳ್ಕೊಳ್ತಾ ಇದೀನಿ, ಕಿಟಕಿಗೋಸ್ಕರ ಯಾರಾದ್ರೂ ಸಾಯ್ತಾರಾ ಅಂತ.” ಸ್ವಲ್ಪ ನಕ್ಕ. “ಇಲ್ಲೊಂದು ಗುರುತು ಇರ್ಲಿಲ್ಲ ಅಂತ ನೀವು ಹೇಳಿಬಿಟ್ಟಿದ್ರೆ, ನಾನು ನಿಮ್ಮ ಕಾಲಿಗೆ ಬೀಳ್ತಿದ್ದೆ. ಸಿಟ್ಟು ಮಾಡ್ತಿರಲಿಲ್ಲ. ನಿಜವಾಗ್ಲೂ.”

ಫಾಬ್ರಿಸ್ ಬಾಯಿ ತೆರೆದ. ಇಷ್ಟು ದಿನ ಸಿಕ್ಕಿಕೊಂಡಿದ್ದ ಮುಳ್ಳು ಮೇಲಕ್ಕೆ ಬಂದಂತಾಯಿತು. ಶಾಲೆ, ಜೋಸಿಯಾನಳ ಅಂಗಡಿ, ಅಧಿಕಾರಿಯ ತೆರೆದ ಪುಸ್ತಕ, ಎಲ್ಲವೂ ಒಟ್ಟಿಗೆ ಕಣ್ಣೆದುರು ಬಂದವು.

“ಇತ್ತು,” ಎಂದ. “ಎರಡೂ ಕಡೆ.”

ಎರ್ವೆ ತಲೆಯಾಡಿಸಿದ, ವೈದ್ಯರ ಮಾತು ಕೇಳಿದವನ ಹಾಗೆ. “ಹಾಗಾದ್ರೆ ನೋಡಿರ್ತಾಳೆ. ಅವಳ ಕಣ್ಣು ಚುರುಕು.” ಆಮೇಲೆ ಕೇಳಿದ: “ಅವಳು ಹೋಗಿದ್ದು ಯಾವ ಕಡೆ?”

ಫಾಬ್ರಿಸನ ಕೈ ಕುಂಚದ ಸಮೇತ ಮೇಲೆದ್ದು ಅಗಲವಾದ ಹುಲ್ಲುಹಾದಿಯನ್ನು ತೋರಿಸಿತು.

“ಥ್ಯಾಂಕ್ಸ್ ಮೇಷ್ಟ್ರೇ.”

ಎರ್ವೆ ನಡೆದ. ಅವಸರವಿಲ್ಲ. ಇಳಿಜಾರು ಅವನನ್ನು ತಾನೇ ಕರೆದುಕೊಂಡು ಹೋಗುತ್ತಿತ್ತು. ಪಟ್ಟಿ ಹರಿದಿದೆ, ಅಂಚಿನಲ್ಲಿ ನೆಲವಿಲ್ಲ ಎಂದು ಕೂಗಬೇಕು. ಗುರುತು ಇರಲಿಲ್ಲ ಎಂದು ಕೂಗಬೇಕು. ಯಾವುದನ್ನು ಮೊದಲು ಕೂಗಬೇಕೆಂದು ಫಾಬ್ರಿಸನಿಗೆ ತಿಳಿಯಲಿಲ್ಲ. ಕೋಟಿನ ಬೆನ್ನು ಮರಗಳ ನಡುವೆ ಸಣ್ಣದಾಯಿತು. ಹುಲ್ಲಿನ ಮೇಲೆ ಹೆಜ್ಜೆಯ ಸದ್ದೂ ಬರುತ್ತಿರಲಿಲ್ಲ.

ಅವನು ಬಗ್ಗಿ ಬಿಳಿ ಡಬ್ಬಿಯ ಮುಚ್ಚಳ ತೆಗೆದ.

ಹುಲ್ಲುಹಾದಿಯ ಬಾಯಲ್ಲೇ ಒಂದು ದಪ್ಪ ಓಕ್ ಮರವಿತ್ತು. ಅದರ ತೊಗಟೆಯನ್ನು ನಿಧಾನವಾಗಿ ಉಜ್ಜಿದ, ಪುಡಿಯನ್ನು ಊದಿದ. ಮೇಲಿನಿಂದ ಕೆಳಕ್ಕೆ ಒಂದು ಓರೆ ಗೆರೆ, ಬಿಳಿ. ಅದನ್ನು ಕತ್ತರಿಸಿ ಇನ್ನೊಂದು, ಕೆಂಪು. ಇತ್ತ ಹೋಗಬಾರದು. ಕೆಳಗಿನಿಂದ ಏನಾದರೂ ಕೇಳಿಸುತ್ತದೆಯೋ ಎಂದು ಕುಂಚ ಎತ್ತಿ ಹಿಡಿದು ಕಾದ. ಏನೂ ಕೇಳಿಸಲಿಲ್ಲ. ನಾಲ್ಕು ಹೆಜ್ಜೆ ಹಿಂದೆ ಸರಿದು ನೋಡಿದ. ಅಡ್ಡಗುರುತು ಸ್ಪಷ್ಟವಾಗಿ ಕಾಣುತ್ತಿತ್ತು, ಇನ್ನೂ ಒಳಗೆ ಹೋಗದವರಿಗೆ.