ಜೆಮೈಮಾಳ ಪಾಲಿನ ಹುರಿ

ಒಬಡೈಯಾ, ಅಂಗಡಿಯಿಂದ ತಂದ ಹೊಸ ಹಗ್ಗವನ್ನು ಸುರುಳಿ ಸುತ್ತಿ, ತೋಡಿಟ್ಟ ಗುಂಡಿಯ ಪಕ್ಕದಲ್ಲಿ ಹಾಕಿ, ಅದರ ಮೇಲೆ ಕೂತುಬಿಟ್ಟ.

"ಏಳು ಚಿಕ್ಕಪ್ಪ," ಎಂದಳು ಲೀಡಿಯಾ. "ಪಾದ್ರಿಗಳು ಪುಸ್ತಕ ತೆಗೆದು ನಿಂತಿದ್ದಾರೆ. ಅಮ್ಮನ್ನ ಎಷ್ಟು ಹೊತ್ತು ಕಾಯಿಸ್ತೀಯ?"

"ನಿಮ್ಮಮ್ಮ ನನಗೊಂದು ಬಲೆ ಹೆಣೆದು ಕೊಡಕ್ಕೆ ಮೂರು ಚಳಿಗಾಲ ಕಾಯಿಸಿದ್ದಾಳೆ. ಅವಳೂ ಒಂದು ಮಧ್ಯಾಹ್ನ ಕಾಯಲಿ. ಈ ಹಗ್ಗದಲ್ಲಿ ಅವಳನ್ನ ಇಳಿಸಲ್ಲ. ಮಾತು ಕೊಟ್ಟಿದ್ದೀನಿ."

"ಬೇಗ ಆಗಲಪ್ಪ," ಎಂದರು ಪಾದ್ರಿ, ಕತ್ತಿನ ಮೇಲೆ ಹೊಡೆದುಕೊಳ್ಳುತ್ತ. "ಈ ಸೊಳ್ಳೆಗಳು ಮೊದಲು ನನ್ನನ್ನೇ ಹೂಳೋ ಹಾಗಿವೆ."

ಜೆಮೈಮಾ ಹಿಂದಿನ ದಿನ ಬೆಳಿಗ್ಗೆ ತೀರಿಕೊಂಡಿದ್ದಳು. ಉತ್ತರ ಕೆನಡಾದ ಈ ಸರೋವರದ ಮೂಲನಿವಾಸಿಗಳಾದ ನಮ್ಮ ಕ್ರೀ ಜನರಲ್ಲಿ ಅವಳಂತೆ ಬಲೆ ಹೆಣೆಯುವವಳು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಧೈರ್ಯ ಯಾರಿಗೂ ಇಲ್ಲ. ಒಂದು ವರ್ಷ ಸರೋವರದ ಮಂಜುಗಡ್ಡೆ ಇಡಿಯಾಗಿ ಅವಳ ಬಲೆಗೆ ಸಿಕ್ಕಿಬಿದ್ದು, ಅವಳು ಬಿಡಿಸುವ ತನಕ ವಸಂತ ಹದಿನೈದು ದಿನ ದಡದಲ್ಲೇ ಕಾದು ಕೂತಿತ್ತು. ನಂಬದವರು ಅವಳ ಮೈದುನ ಒಬಡೈಯಾನನ್ನು ಕೇಳಬಹುದು. ಅವನು ಇಪ್ಪತ್ತು ದಿನ ಎನ್ನುತ್ತಾನೆ.

ಅತ್ತಿಗೆ ಮೈದುನ ಎಂದರೆ ನಮ್ಮಲ್ಲಿ ಒಬ್ಬರನ್ನೊಬ್ಬರು ಛೇಡಿಸಲೇಬೇಕು. ಸಾವು ಬಂದರೂ ಅದಕ್ಕೆ ರಜೆಯಿಲ್ಲ. ಒಬಡೈಯಾ ಶವದ ಪೆಟ್ಟಿಗೆಯ ಕಡೆ ತಿರುಗಿದ. "ಬೇಕಂತಲೇ ನಿನ್ನೆ ಸತ್ತೆ, ಅತ್ತಿಗೆ. ಒಪ್ಪಂದದ ಹುರಿ ಹಂಚೋ ದಿನ ಇವತ್ತು ಅಂತ ಗೊತ್ತಿತ್ತು. ಸಾಲಿನಲ್ಲಿ ನಿಲ್ಲೋ ಕೆಲಸ ನನಗೆ ಹಚ್ಚಿ ಹೋದೆ."

ಆಗಲೇ ನದಿಯ ತಿರುವಿನಲ್ಲಿ ಸರ್ಕಾರದ ಬಾವುಟ ಕಟ್ಟಿದ ದೋಣಿ ಕಾಣಿಸಿತು.

*

ಅರವತ್ತು ವರ್ಷದ ಹಿಂದೆ ಇದೇ ದಡದಲ್ಲಿ ಇಂಗ್ಲೆಂಡಿನ ರಾಣಿಯ ಕಡೆಯವರು ಮೇಜು ಹಾಕಿ ಕಾಗದ ಹರಡಿದ್ದರು. ಸೂರ್ಯ ಇರುವ ತನಕ, ನದಿ ಹರಿಯುವ ತನಕ ಈ ಮಾತು ಎಂದು ದುಭಾಷಿ ಹೇಳಿದ. ಆ ಕಾಗದದಲ್ಲಿ ಎಷ್ಟು ನೆಲ ಹೋಯಿತು ಎಂದು ಓದಬಲ್ಲವರು ನಮ್ಮಲ್ಲಿರಲಿಲ್ಲ. ಜೆಮೈಮಾಳ ಅಪ್ಪ ಸಹಿಯ ಬದಲು ಲೇಖನಿಯ ತುದಿ ಮುಟ್ಟಿದ. ವರ್ಷ ವರ್ಷ ಕೊಡುತ್ತೇವೆ ಎಂದು ಅವರು ಒಪ್ಪಿದ ಬಲೆಯ ಹುರಿಯಲ್ಲಿ ಮೊದಲ ಲಡಿಯನ್ನು ಏಳು ವರ್ಷದ ಮಗಳ ಕೈಗಿಟ್ಟ.

"ಎಳೆದು ನೋಡು. ಆ ಕಾಗದ ಓದಕ್ಕೆ ನಮಗೆ ಬರಲ್ಲ. ಇದನ್ನ ಕೈಯಲ್ಲೇ ಓದಬಹುದು. ಪ್ರತಿ ವರ್ಷ ಹೋಗಿ ಇಸ್ಕೊ, ಎಳಿ. ಗಟ್ಟಿ ಇದ್ರೆ ಅವರ ಮಾತೂ ಇದೆ ಅಂತ."

ಅರವತ್ತು ವರ್ಷ ಸಾಲಿನಲ್ಲಿ ಮೊದಲು ನಿಂತು ಅವಳು ಎಳೆದಳು. ಮೂರು ವರ್ಷದ ಹಿಂದೆ ಹುರಿ ಹಂಚುವ ಈಗಿನ ಅಧಿಕಾರಿ ಮೊದಲ ಸಲ ಬಂದಾಗ ತಂದ ಹುರಿ ಪಟ್ಟನೆ ಹರಿಯಿತು. ಜೆಮೈಮಾ ಇನ್ನೊಂದು ಎಳೆದಳು, ಮತ್ತೊಂದು ಎಳೆದಳು. ಹರಿದ ತುಂಡುಗಳ ಗುಡ್ಡೆ ಅವನ ಮೊಣಕಾಲು ಮುಚ್ಚಿತು. ಮೂಗಿನ ತನಕ ಬಂತು ಎನ್ನುತ್ತಾನೆ ಒಬಡೈಯಾ.

"ಇದರಲ್ಲಿ ಸೊಳ್ಳೆನೂ ಬೀಳಲ್ಲ," ಎಂದು ಬರಿಗೈಯಲ್ಲಿ ಮನೆಗೆ ಹೋದಳು. ಮರುವರ್ಷ ಅವನು ಒಳ್ಳೆಯ ಹುರಿ ತಂದು, ಅವಳು ಎಳೆಯುವಾಗ ಉಸಿರು ಕಟ್ಟಿ ನಿಂತಿದ್ದ. ಅವಳು ಅವನಿಗೆ ಹೊಗೆಯಲ್ಲಿ ಒಣಗಿಸಿದ ಒಂದು ಬಿಳಿಮೀನು ಕೊಟ್ಟಳು.

ಹೋದ ವಾರ ಹಾಸಿಗೆಯಿಂದಲೇ ಮೈದುನನನ್ನು ಕರೆದಳು. "ಈ ಸಲ ಎಳೆಯಕ್ಕೆ ಕೈಯಲ್ಲಿ ಬಲ ಇಲ್ಲ. ನನ್ನನ್ನ ಅವರು ತರೋ ಹುರಿಯಲ್ಲೇ ಗುಂಡಿಗೆ ಇಳಿಸು. ನನ್ನ ಭಾರ ತಡೆಯುತ್ತೋ ನೋಡ್ತೀನಿ."

"ತಡೆಯದಿದ್ರೆ?"

"ಬೀಳ್ತೀನಿ. ನಿನಗೆ ನಗಕ್ಕೊಂದು ನೆಪ ಸಿಗುತ್ತೆ."

*

ಮೇಜು ಹಾಕಿ, ಬಾವುಟ ನೆಟ್ಟು, ಅಧಿಕಾರಿ ಪಟ್ಟಿ ತೆರೆದ. ಮೊದಲ ಹೆಸರು ಜೆಮೈಮಾಳದು. ನಿನ್ನೆ ಹೋದಳು ಎಂದು ಲೀಡಿಯಾ ಅವನ ಭಾಷೆಯಲ್ಲಿ ಹೇಳಿದಳು. ಅವನು ಟೋಪಿ ತೆಗೆದ. ಆಮೇಲೆ ಹೆಸರು ಹೊಡೆದುಹಾಕಲು ಲೇಖನಿ ಅದ್ದಿದ.

"ತಡಿ," ಎಂದ ಒಬಡೈಯಾ. "ಬರ್ತಿದ್ದಾಳೆ."

ನಾಲ್ವರು ಪೆಟ್ಟಿಗೆ ಹೊತ್ತು ತಂದು ಸಾಲಿನ ತಲೆಯಲ್ಲಿ, ಅವಳು ಯಾವಾಗಲೂ ನಿಲ್ಲುತ್ತಿದ್ದ ಜಾಗದಲ್ಲಿ ಇಟ್ಟರು. ಹಿಂದಿದ್ದ ಮುದುಕಿಯೊಬ್ಬಳು ಎರಡು ಹೆಜ್ಜೆ ಸರಿದು ಜಾಗ ಬಿಟ್ಟಳು.

"ಸತ್ತವರು ಮೀನು ಹಿಡಿಯಲ್ಲ ಅಂತಿದ್ದಾರೆ," ಎಂದಳು ಲೀಡಿಯಾ, ಅಧಿಕಾರಿಯ ಮಾತನ್ನು ನಮ್ಮ ಭಾಷೆಗೆ ತಿರುಗಿಸಿ.

"ಇವಳು ಹಿಡೀತಾಳೆ," ಎಂದ ಒಬಡೈಯಾ. "ಇವಳು ಹೋಗೋ ಕಡೆ ಮೀನುಗಳು ಈಗಲೇ ಊರು ಬಿಟ್ಟಿರ್ತವೆ. ಕೇಳು ಅವನನ್ನ, ಸೂರ್ಯ ಇನ್ನೂ ಇದ್ದಾನಾ, ನದಿ ಹರೀತಿದೆಯಾ ಅಂತ. ಜೆಮೈಮಾ ಉಸಿರಾಡೋ ತನಕ ಅಂತ ಯಾರೂ ಅಂದಿರಲಿಲ್ಲ."

ಲೀಡಿಯಾ ಹೇಳಿದಳು. ಅಧಿಕಾರಿ ಪೆಟ್ಟಿಗೆ ನೋಡಿದ, ನದಿ ನೋಡಿದ. ಲೇಖನಿಯಿಂದ ಶಾಯಿ ತೊಟ್ಟಿಕ್ಕುವ ತನಕ ನೋಡಿದ. ಕೊನೆಗೆ ಬಗ್ಗಿ ಒಂದು ಲಡಿ ತೆಗೆದು, ಕೊಡುವ ಮುಂಚೆ ತಾನೇ ಎರಡು ಕೈಯಲ್ಲಿ ಎಳೆದು ನೋಡಿ, ಪೆಟ್ಟಿಗೆಯ ಮೇಲಿಟ್ಟ.

"ಒಂದು ಲಡಿಯಲ್ಲಿ ಏನಾಗುತ್ತೆ ಚಿಕ್ಕಪ್ಪ," ಎಂದಳು ಲೀಡಿಯಾ ಸಣ್ಣ ದನಿಯಲ್ಲಿ.

ಸಾಲು ಮುಂದೆ ಸರಿಯಿತು. ಮುದುಕಿ ತನ್ನ ಪಾಲಿನ ಲಡಿ ಇಸಿದುಕೊಂಡು ಅದರ ಪಕ್ಕದಲ್ಲಿಟ್ಟಳು. "ಸಂಜೆಗೆ ಬಿಚ್ಚಿ ವಾಪಸ್ ಕೊಡ್ಬೇಕು, ಒಬಡೈಯಾ. ನಿನ್ನ ಬಾಯಿಮಾತು ಬೇಡ, ಹುರಿ ಬೇಕು." ಅವಳ ಹಿಂದಿನವನೂ ಇಟ್ಟ. ಪೆಟ್ಟಿಗೆ ಲಡಿಗಳಲ್ಲಿ ಮುಚ್ಚಿಹೋಯಿತು.

ಹೆಂಗಸರು ಹುಲ್ಲಿನ ಮೇಲೆ ಕೂತು ಹೊಸೆದರು. ಒಂದು ಕೆಟಲ್ ಚಹಾ ಕುದಿಯುವುದರೊಳಗೆ ಹೆಬ್ಬೆರಳು ದಪ್ಪದ ಎರಡು ಹಗ್ಗಗಳು ಸಿದ್ಧವಾದವು. ಬೇಕಿದ್ದರೆ ಅವಕ್ಕೆ ಹಡಗು ಕಟ್ಟಬಹುದಿತ್ತು, ಹಡಗು ಇರಲಿಲ್ಲ ಅಷ್ಟೆ. ಪೆಟ್ಟಿಗೆಯನ್ನು ಮತ್ತೆ ಗುಂಡಿಯ ಬಳಿಗೆ ಹೊತ್ತು ತಂದು ಹಗ್ಗಗಳನ್ನು ಅದರ ಅಡಿಯಲ್ಲಿ ಹಾಯಿಸಿದರು. ಎರಡು ಹಗ್ಗಕ್ಕೆ ನಾಲ್ಕು ತುದಿ. ಜೆಮೈಮಾಳ ಅಣ್ಣನ ಮಕ್ಕಳಿಬ್ಬರು ಕಾಲ ಕಡೆಯ ಹಗ್ಗ ಹಿಡಿದರು. ತಲೆಯ ಕಡೆಯದರ ಒಂದು ತುದಿ ಒಬಡೈಯಾ ಹಿಡಿದ. ಇನ್ನೊಂದನ್ನು ಅಧಿಕಾರಿಯ ಕೈಗಿಟ್ಟ.

"ನೀವು ತಂದ ಹುರಿ. ನೀವೇ ಹಿಡೀರಿ ಅಂತ ಹೇಳು, ಮಗಳೆ."

ಪೆಟ್ಟಿಗೆ ಇಳಿಯಿತು. ಹಗ್ಗ ಒಮ್ಮೆ ನರಳಿತು. ಅಧಿಕಾರಿಯ ಮುಖ ಸುಣ್ಣವಾಯಿತು. ಯಾರೂ ಸೊಳ್ಳೆ ಓಡಿಸಲಿಲ್ಲ.

"ಎಷ್ಟು ಭಾರ ಇದ್ದೀಯ ಅತ್ತಿಗೆ," ಎಂದ ಒಬಡೈಯಾ. "ನನ್ನ ಪಾಲಿನ ಮೀನೂ ತಿಂದಿದ್ದೀಯ."

ಪೆಟ್ಟಿಗೆ ಮೆತ್ತಗೆ ತಳ ಮುಟ್ಟಿತು. ಕಾಲ ಕಡೆಯವರಲ್ಲಿ ಒಬ್ಬ ತುದಿ ಬಿಟ್ಟ, ಇನ್ನೊಬ್ಬ ಹಗ್ಗ ಮೇಲೆಳೆದುಕೊಂಡ. ಪಾದ್ರಿ ಪ್ರಾರ್ಥನೆ ಮುಗಿಸಿ ಪುಸ್ತಕ ಮುಚ್ಚಿದರು. ಮೊದಲ ಹಿಡಿ ಮಣ್ಣು ಬಿತ್ತು.

"ಇನ್ನು ಬಿಡಬಹುದು," ಎಂದಳು ಲೀಡಿಯಾ, ತಲೆಯ ಕಡೆಯ ಇಬ್ಬರಿಗೂ ಅವರವರ ಭಾಷೆಯಲ್ಲಿ.

ಅಧಿಕಾರಿ ಎದುರಿಗಿದ್ದ ಮುದುಕ ಒಬಡೈಯಾನನ್ನು ನೋಡಿದ. ಮುದುಕ ಇವನನ್ನು ನೋಡಿದ. ಇಬ್ಬರ ಬೆರಳುಗಳೂ ಬಿಳಿಚಿಕೊಂಡಿದ್ದವು. ಹಗ್ಗ ಒಬ್ಬನ ಕೈಯಿಂದ ಕೆಳಗಿಳಿದು, ಜೆಮೈಮಾಳ ಅಡಿಯಲ್ಲಿ ಹಾದು, ಇನ್ನೊಬ್ಬನ ಕೈಗೆ ಏರಿ, ಬಿಗಿಯಾಗಿಯೇ ಇತ್ತು.