ಎಲ್ಲಿಂದ ಎಣಿಸಬೇಕಿತ್ತು

ಎಂಟು ತಿಂಗಳ ಮಗುವಿಗೆ ಮೂರು ಕಡೆ ಮೂಳೆ ಮುರಿದರೆ ಜನ ಮೊದಲು ನೋಡುವುದು ತಾಯಿಯ ಕೈಯನ್ನು. ನಮ್ಮಕ್ಕನಿಗೂ ಹಾಗೇ ಆಯಿತು. ಆಸ್ಪತ್ರೆಯವರು ಮಗುವಿನ ರಕ್ತವನ್ನು ಜೀನ್ ಪರೀಕ್ಷೆಗೆ ಕಳಿಸಿದರು. ದೋಷವಿಲ್ಲ ಎಂದು ವರದಿ ಬಂತು. ಹಾಗಾದರೆ ಹೊಡೆತವೇ ಕಾರಣವೆಂದು ಮಕ್ಕಳ ರಕ್ಷಣೆಯ ಅಧಿಕಾರಿಗಳು ಪುಟ್ಟಿಯನ್ನು ಆಶ್ರಯಧಾಮಕ್ಕೆ ಒಯ್ದರು. ಇರುವೆಗೂ ನೋವು ಮಾಡದವಳು ನಮ್ಮಕ್ಕ. ನನಗೆ ಮೈಯೆಲ್ಲ ಉರಿದುಹೋಯಿತು.

ವರದಿ ನೋಡಿದರೆ ನಾನು ಕೆಲಸ ಮಾಡುವ ಲ್ಯಾಬಿನದೇ. ನಮ್ಮ ಮೇಜಿಗೆ ಹೆಸರು ಬರುವುದಿಲ್ಲ, ಬರೀ ನಂಬರು.

ಮರುದಿನ ಬೆಳಿಗ್ಗೆ ಆ ನಂಬರಿನ ಹಾಳೆ ತೆಗೆದೆ. ಜೀನಿನ ಅಕ್ಷರಗಳನ್ನು ಮೂರು ಮೂರಾಗಿ ಓದಬೇಕು. ಒಂದೊಂದು ಮೂರಕ್ಷರಕ್ಕೆ ಒಂದೊಂದು ಅಮೈನೋ ಆಮ್ಲ; ಅವು ಸಾಲಾಗಿ ಸೇರಿದರೆ ಪ್ರೋಟೀನು. ಪುಟ್ಟಿಯ ಹಾಳೆಯಲ್ಲಿ ಒಂದೇ ಒಂದು 'ಜಿ' ಇರಬೇಕಾದಲ್ಲಿ 'ಎ' ಇತ್ತು. ಸಿಟಿಜಿ ಹೋಗಿ ಸಿಟಿಎ ಆಗಿದೆ, ಎರಡೂ ಲ್ಯೂಸಿನ್ ಎಂಬ ಒಂದೇ ಆಮ್ಲ, ಚಿಂತೆಯಿಲ್ಲ ಎಂದು ಪೆನ್ಸಿಲಿನಲ್ಲಿ ಬರೆದಿತ್ತು. ಆದರೆ ಆ ಹಾಳೆ ಶುರುವಾಗುವುದೇ ಒಂದು ಮೂರಕ್ಷರದ ನಡುವಿನಿಂದ. ಸರಿಯಾಗಿ ಎಣಿಸಿದರೆ ಜಿಜಿಟಿ ಹೋಗಿ ಎಜಿಟಿ ಆಗಿತ್ತು. ಗ್ಲೈಸಿನ್ ಜಾಗದಲ್ಲಿ ಸೆರಿನ್. ಮೂಳೆಗೆ ಬಲ ಕೊಡುವ ಕೊಲಾಜೆನ್ ಪ್ರೋಟೀನು ಮೂರೆಳೆಯ ಹಗ್ಗದಂತೆ. ಒಳಗೆ ಪುಟ್ಟ ಗ್ಲೈಸಿನ್‌ಗಷ್ಟೇ ಜಾಗ. ಅಲ್ಲಿ ದೊಡ್ಡದು ನುಗ್ಗಿದರೆ ಹೊಸೆತ ಕೆಡುತ್ತದೆ. ಅಂಥ ಮೂಳೆ ಬಟ್ಟೆ ಬದಲಿಸುವಾಗಲೂ ಮುರಿದೀತು.

ಹಾಳೆಯನ್ನು ಮೇಲ್ವಿಚಾರಕರ ಮುಂದಿಟ್ಟೆ.

"ಹಾಳೆಯ ಮೊದಲನೇ ಅಕ್ಷರದಿಂದ ಎಣಿಸೋದು ನಮ್ಮಲ್ಲಿ ಹಿಂದಿನಿಂದ ನಡ್ಕೊಂಡು ಬಂದಿದೆ," ಅಂದರು. "ಹೆಚ್ಚಿನ ಮಾಹಿತಿ ಅಂತ ಇನ್ನೊಂದು ವರದಿ ಕಳಿಸೋಣ ಬಿಡಿ."

"ಹೆಚ್ಚಿನ ಮಾಹಿತಿ ಅಲ್ಲ ಸರ್. ತಪ್ಪಾಯ್ತು ಅಂತ ಬರೀರಿ. ನೀವು ನಡೆಸ್ಕೊಂಡು ಬಂದಿದ್ದು ತಾಯಿ ಮಡಿಲಿಂದ ಮಗೂನ ಕಿತ್ಕೊಂಡಿದೆ."

ಅವರು ಹಳೆ ವರದಿಯ ಲ್ಯಾಬ್ ಪ್ರತಿಯ ಕೊನೆಯ ಪುಟ ತೆಗೆದು ನನ್ನ ಕಡೆ ತಳ್ಳಿದರು. ಮರುಪರಿಶೀಲಿಸಿದವರ ಜಾಗದಲ್ಲಿ ನನ್ನದೇ ರುಜು. ಎಣಿಸದೆ ಗೀಚಿದ್ದೆ. ಅಲ್ಲಿಯವರೆಗೆ ಅವರ ಮೇಲಿದ್ದ ಸಿಟ್ಟು ನನ್ನ ಮೇಲೂ ತಿರುಗಿತು, ಆದರೆ ಅವರ ಮೇಲಿನದು ಕಡಿಮೆಯೇನೂ ಆಗಲಿಲ್ಲ.

"ನಿಮ್ಮದು, ನನ್ನದು, ಇಬ್ಬರ ಹೆಸರೂ ಹಾಕಿ," ಅಂದೆ. "ತಪ್ಪಾಯ್ತು ಅಂತಾನೇ ಬರೀರಿ."

ತಿದ್ದಿದ ವರದಿ ಹೋದ ಹದಿನಾರು ದಿನಕ್ಕೆ ಪುಟ್ಟಿ ಮನೆಗೆ ಬಂದಳು. ಅಕ್ಕನಿಗೆ ಏನೂ ಮುಚ್ಚಿಡದೆ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಮಗುವಿನ ಬೆನ್ನಿಗೆ ಅಂಗೈ ಕೊಟ್ಟು ಕೂತವಳು ಒಂದೇ ಮಾತು ಕೇಳಿದಳು.

"ನಮ್ಮ ಪುಟ್ಟಿ ಅಲ್ದೇ ಇದ್ದಿದ್ರೆ ಮತ್ತೆ ಎಣಿಸ್ತಿದ್ಯೇನೆ?"

ಮೂರು ವರ್ಷ ನಾನು ಎಣಿಸದೆ ರುಜು ಹಾಕಿದ ಹಾಳೆಗಳೆಲ್ಲ ಲ್ಯಾಬಿನ ಕಪಾಟಿನಲ್ಲಿವೆ.