ರೋಲರ್ ಓಡಿಸುವವನು ಇಂಜಿನಿಯರ್ ಆದದ್ದು

ರೇಸ್ ಟ್ರ್ಯಾಕಿಗೆ ಡಾಂಬರು ಹಾಕುವಾಗ ಅವನು ರೋಲರ್ ಓಡಿಸುತ್ತಿದ್ದ. ಕಾರುಗಳು ಗಾಳಿಯನ್ನು ಸೀಳಿಕೊಂಡು ಹೋಗಬೇಕಾದ ದಾರಿಯಲ್ಲಿ ಮೊದಲು ಓಡಿದ್ದು ಈ ಆಮೆಗಾಡಿಯೇ ಎಂದು ಜೊತೆಗಾರರು ನಗುತ್ತಿದ್ದರು. ಅವನೂ ನಗುತ್ತಿದ್ದ. ಆದರೆ ಒಂದು ಮದುವೆಯಲ್ಲಿ ಹೆಂಡತಿಯ ಅಣ್ಣ, ಬಟ್ಟೆ ಅಂಗಡಿಯ ಭಾವ, ನಾಲ್ಕು ಜನರೆದುರು "ಈಗೆಲ್ಲಪ್ಪಾ ಕೆಲಸ?" ಎಂದು ಕೇಳಿದಾಗ, "ಟ್ರ್ಯಾಕ್ ರಸ್ತೆ ಪೂರ್ತಿ ನನ್ನ ಕೈಯಲ್ಲೇ ಆಗ್ತಿದೆ" ಎಂದುಬಿಟ್ಟ. ಭಾವ ಅವನನ್ನು ಇಂಜಿನಿಯರ್ ಎಂದುಕೊಂಡರು. ಇವನು ತಿದ್ದಲಿಲ್ಲ.

"ಫೋನ್ ಮಾಡಿ ಇರೋದನ್ನ ಹೇಳ್ಬಿಡಿ" ಎಂದಳು ಹೆಂಡತಿ.

"ಹೇಳ್ತೀನಿ ಬಿಡೇ" ಎಂದ. ಹೇಳಲಿಲ್ಲ.

ಟ್ರ್ಯಾಕ್ ಮುಗಿಯಿತು. ಪಕ್ಕದಲ್ಲೇ ಸಿನಿಮಾ ಮಂದಿರ, ಸ್ಕೇಟಿಂಗ್ ಹಾಲ್, ಮಕ್ಕಳ ಪುಟ್ಟ ಕಾರುಗಳ ಅಂಗಳ, ಗಾಜಿನ ಗೋಡೆಯ ಹೋಟೆಲು ಎದ್ದವು. ಮೊದಲ ರೇಸಿಗೆ ಕೆಲಸಗಾರರಿಗೆಲ್ಲ ಪಾಸು ಸಿಕ್ಕಿತು. ಅವನು ಹೆಂಡತಿಯ ಜೊತೆಗೆ ಭಾವನನ್ನೂ ಕರೆದೊಯ್ದ.

ಹೊಸ ಅಂಗಡಿಗಳ ಮುಂದೆ ಭಾವನಿಗೆ ತಿರುವು, ಇಳಿಜಾರು ಎಂದು ಕೈಬೀಸಿ ವಿವರಿಸುತ್ತಿದ್ದಾಗ, ವಾಹನ ನಿಲ್ಲಿಸುವ ಜಾಗದ ಕಡೆಯಿಂದ ಕೂಗು ಬಂತು.

"ಏ ರೋಲರ್! ಬಂದ್ಯೇನೋ!"

ಹೊಗೆಯಣ್ಣ. ರೋಲರಿನ ಮುಂದೆ ಬಿಸಿ ಡಾಂಬರು ಹರಡುತ್ತಿದ್ದವನು. ಸದಾ ಹೊಗೆ ನಾರುತ್ತಿದ್ದುದರಿಂದ ಆ ಹೆಸರು. ಈಗ ಕೊರಳಲ್ಲಿ ಸೀಟಿ, ಮೈಮೇಲೆ ಹೊಸ ಸಮವಸ್ತ್ರ. ಓರೆ ತಿರುವಿನಲ್ಲಿ ಒಮ್ಮೆ ರೋಲರ್ ಹಿಂದಕ್ಕೆ ಜಾರಿದಾಗ ಓಡಿಬಂದು ಚಕ್ರಕ್ಕೆ ಅಡ್ಡ ಕಲ್ಲು ಕೊಟ್ಟವನು ಅವನೇ. ಇವನ ಜೀವ ಉಳಿಯಿತು, ಅವನ ಬೆರಳು ಹೋಯಿತು.

"ಯಾರದು?" ಎಂದರು ಭಾವ.

"ಗೊತ್ತಿಲ್ಲ ಭಾವ. ಯಾರೋ ಏನೋ."

ಅಷ್ಟರಲ್ಲಿ ಹೊಗೆಯಣ್ಣ ಹತ್ತಿರ ಬಂದಿದ್ದ. ಮಾತು ಕಿವಿಗೆ ಬಿದ್ದಿತ್ತು. ಭಾವನ ಇಸ್ತ್ರಿ ಅಂಗಿಯನ್ನು ನೋಡಿದ, ತಲೆ ತಗ್ಗಿಸಿ ನಿಂತ ಇವನ ಹೆಂಡತಿಯನ್ನು ನೋಡಿದ. ಎಲ್ಲ ಅರ್ಥವಾಯಿತು.

"ತಪ್ಪಾಯ್ತು ಸಾರ್. ಬೇರೆ ಯಾರೋ ಅಂದ್ಕೊಂಡೆ" ಎಂದು ಆ ಮೋಟು ಬೆರಳಿನ ಕೈಯಿಂದಲೇ ಸಲಾಮು ಹೊಡೆದು ಹೊರಟುಹೋದ.

ನೆಲ ಬಾಯಿಬಿಡಬಾರದೇ ಎನಿಸಿತು ಅವನಿಗೆ.

ರೇಸ್ ಶುರುವಾಯಿತು. ಜನ ಎದ್ದು ಕುಣಿಯುತ್ತಿದ್ದರು. ಹೆಂಡತಿ ಅವನತ್ತ ತಿರುಗದೆ, "ನಿಮ್ಗೆ ಕಾರಾದ್ರೂ ಕಾಣ್ತಿದ್ಯಾ?" ಎಂದಳು. ಅಷ್ಟೇ. ಅವನಿಗೆ ತಡೆಯಲಾಗಲಿಲ್ಲ.

"ಭಾವ, ನಾನು ಇಂಜಿನಿಯರ್ ಅಲ್ಲ!"

"ಏನಂದೆ?" ಆ ಗದ್ದಲದಲ್ಲಿ ಭಾವನಿಗೆ ಕೇಳಿಸಲಿಲ್ಲ.

ಅವನು ಗಂಟಲು ಹರಿಯುವಂತೆ ಕೂಗಿದ. ಅದೇ ಗಳಿಗೆಗೆ ಕಾರುಗಳು ತಿರುವು ದಾಟಿ ಸದ್ದು ಅಡಗಿತು. "ನಾನು ರೋಲರ್ ಓಡಿಸೋನು!" ಎಂಬುದು ಇಡೀ ಸಾಲಿಗೆ ಕೇಳಿಸಿತು. ಯಾರೋ ಕಿಸಕ್ಕನೆ ನಕ್ಕರು.

"ಅಂಗಡಿಗೆ ಬಂದೋರ್ಗೆಲ್ಲ ನನ್ನ ತಂಗಿ ಗಂಡ ಇಂಜಿನಿಯರ್ ಅಂತ ಹೇಳ್ಕೊಂಡಿದ್ದೀನಲ್ಲೋ" ಎಂದು ಭಾವ ಮುಖ ತಿರುಗಿಸಿದರು.

ಅವನು ಎದ್ದು ಹೊಗೆಯಣ್ಣನನ್ನು ಹುಡುಕಿಕೊಂಡು ಹೋದ.

"ಯಾರು ಬೇಕಿತ್ತು ಸಾರ್?"

"ಸಾರ್ ಅನ್ಬೇಡ ಅಣ್ಣ. ಕೆನ್ನೆಗೆ ಎರಡು ಬಾರಿಸು."

"ಬಾರಿಸಿದ್ರೆ ನಿಂಗೆ ಹಗುರ ಆಗುತ್ತೆ. ನಂಗೇನಾಗುತ್ತೆ?" ಹೊಗೆಯಣ್ಣ ಒಂದು ಕಾರಿಗೆ ದಾರಿ ತೋರಿಸಿ ಬಂದು ಹೇಳಿದ: "ಇವತ್ತು ನಿಮ್ಮಿಬ್ಬರನ್ನ ಊಟಕ್ಕೆ ಕರ್ಕೊಂಡ್ಬರ್ತೀನಿ ಅಂತ ಮನೇಲಿ ಹೇಳ್ಬಂದಿದ್ದೆ. ಅವಳು ಬೆಳಗ್ಗಿಂದ ಒಲೆ ಮುಂದೆ ಇದಾಳೆ. ಈಗ ಏನಂತ ಹೇಳ್ಲಿ?"

ಹಿಂದೆಯೇ ಬಂದಿದ್ದ ಹೆಂಡತಿ, "ನಾನಂತೂ ಬರ್ತೀನಣ್ಣ. ಇವರ ವಿಷಯ ನಿಮಗೆ ಬಿಟ್ಟಿದ್ದು" ಎಂದಳು.

ಹೊಗೆಯಣ್ಣ ಇನ್ನೊಂದು ಕಾರಿಗೆ ದಾರಿ ತೋರಿಸಿದ. "ಬರ್ಲಿ" ಎಂದ.

ಸಂಜೆ ಆ ಒಂದೇ ಕೋಣೆಯ ಮನೆಯಲ್ಲಿ, ಏನೂ ಅರಿಯದ ಹೊಗೆಯಣ್ಣನ ಹೆಂಡತಿ ಅವನಿಗೇ ಮೊದಲು ಬಡಿಸಿದಳು. "ನಮ್ಮನೆಯವರು ಯಾವಾಗ್ಲೂ ನಿಮ್ಮ ಮಾತೇ ಆಡ್ತಾರೆ. ಒಡಹುಟ್ಟಿದೋನಿದ್ದಂಗೆ ಅಂತಾರೆ" ಎಂದಳು.

ಅವನು ಹೊಗೆಯಣ್ಣನತ್ತ ನೋಡಿದ. ಹೊಗೆಯಣ್ಣ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅವನಿಗೆ ಇನ್ನೊಂಚೂರು ಹಾಕು" ಎಂದ, ಹೆಂಡತಿಗೆ.